ಯಾವ ಅರವತ್ತು?

ಭೌತಶಾಸ್ತ್ರದ ಲ್ಯಾಬಿನ ಹೊಸ್ತಿಲು ದಾಟುವ ಮುಂಚೆ ನಾಂಚಾರಮ್ಮ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲನ್ನು ಬಿಚ್ಚಿ ಹೊರಗಿನ ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದಳು. ಕಬ್ಬಿಣ ಹತ್ತಿರ ಬಂದರೆ ಗ್ಯಾಲ್ವನೋಮೀಟರಿನ ಮುಳ್ಳು ದಾರಿ ತಪ್ಪುತ್ತದೆ ಎಂದು ನಾನು ಅವಳಿಗೆ ಹೇಳಿದ್ದು ಒಂದೇ ಸಲ, ಅವಳು ಕೆಲಸಕ್ಕೆ ಸೇರಿದ ದಿನ. ಅದೇ ಮಾತನ್ನು ವರ್ಷಕ್ಕೆ ನೂರು ಸಲ ಕೇಳಿಸಿಕೊಂಡ ಹುಡುಗರು ಜೇಬಿನಲ್ಲಿ ಸೈಕಲ್ ಕೀಲಿ ಇಟ್ಟುಕೊಂಡೇ ಬಂದು, ಮುಳ್ಳು ನಿಲ್ಲುತ್ತಿಲ್ಲ ಮೇಡಂ ಎಂದು ನನ್ನ ಪ್ರಾಣ ತಿನ್ನುತ್ತಿದ್ದರು.

ಗುಂಟೂರು ಕಡೆಯ ರೇಪಲ್ಲೆಯ ಆ ಜೂನಿಯರ್ ಕಾಲೇಜಿನಲ್ಲಿ ನಾನು ಇಪ್ಪತ್ತಾರು ವರ್ಷ ಪಾಠ ಹೇಳಿದೆ. ನನ್ನ ಬಾಯಿ ಸ್ವಲ್ಪ ಜೋರು, ಒಪ್ಪುತ್ತೇನೆ. ಗಣಿತದ ಮೇಷ್ಟ್ರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ, ಅದನ್ನೂ ಒಪ್ಪುತ್ತೇನೆ. ಆದರೆ ನಾಂಚಾರಮ್ಮನ ವಿಷಯದಲ್ಲಿ ನಮ್ಮ ಗಣಿತದ ಭಾವನಾರಾಯಣ ಮೇಷ್ಟ್ರು ನನಗಿಂತ ದೊಡ್ಡ ಮನಸ್ಸು ತೋರಿಸಿದರು. ಅದನ್ನು ಹೇಳದೆ ಈ ಕಥೆಯನ್ನು ಹೇಳಲಾರೆ.

ನಾಂಚಾರಮ್ಮ ಓದಿದ್ದೂ ಅದೇ ಕಾಲೇಜಿನಲ್ಲಿ, ಗಣಿತದ ಗುಂಪಿನಲ್ಲಿ. ಇಂಟರ್ ಎರಡನೇ ವರ್ಷದ ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ಮನೆಯವರು ಮದುವೆ ಮಾಡಿದರು. ಕೊರಳಲ್ಲಿ ಹಸಿ ಅರಿಸಿನದ ದಾರ ಹಾಕಿಕೊಂಡೇ ಹೋಗಿ ಪರೀಕ್ಷೆ ಬರೆದಳು. ಎಲ್ಲ ಪಾಸಾಯಿತು, ಗಣಿತದ ಒಂದು ಪತ್ರಿಕೆ ಮಾತ್ರ ಉಳಿಯಿತು. ಗಂಡ ಆಂಜನೇಯುಲು ನಮ್ಮ ಕಾಲೇಜಿನಲ್ಲೇ ಅಟೆಂಡರ್ ಆಗಿದ್ದ. ಅವನು ಕಾಮಾಲೆಯಲ್ಲಿ ತೀರಿಕೊಂಡಾಗ ಅವನ ಕೆಲಸವನ್ನು ಇವಳಿಗೆ ಕೊಟ್ಟರು. ಆಗ ಅವಳಿಗೆ ಇಪ್ಪತ್ತನಾಲ್ಕು. ಬೇವಿನ ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡನ್ನು ಬಡಿದು ಗಂಟೆ ಹೊಡೆಯುವುದು, ತರಗತಿಗಳ ಬೋರ್ಡು ಒರೆಸುವುದು, ನನ್ನ ಲ್ಯಾಬಿನ ಸಾಮಾನು ಕೊಡುವುದು, ತೆಗೆದಿಡುವುದು ಅವಳ ಕೆಲಸ. ಬೆಳಿಗ್ಗೆ ಹನ್ನೆರಡು ಗ್ಯಾಲ್ವನೋಮೀಟರ್ ಕೊಟ್ಟರೆ ಸಂಜೆ ಹನ್ನೆರಡೂ ವಾಪಸು ಬರುವ ತನಕ ಅವಳು ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಹನ್ನೊಂದು ವರ್ಷ ಹೀಗೆ ನಡೆಯಿತು. ಆ ವರ್ಷ ಆಫೀಸಿನಲ್ಲಿ ಒಬ್ಬ ಗುಮಾಸ್ತರು ನಿವೃತ್ತರಾಗುವವರಿದ್ದರು. ಇಂಟರ್ ಪಾಸಾದ ಅಟೆಂಡರ್ ಇದ್ದರೆ ಆ ಕುರ್ಚಿ ಅವರಿಗೇ ಸಿಗುತ್ತದೆ ಎಂಬುದು ನಿಯಮ. ನಾಂಚಾರಮ್ಮ ಆ ಒಂದು ಪತ್ರಿಕೆಯನ್ನು ಅಷ್ಟರಲ್ಲಿ ಏಳು ಸಲ ಬರೆದಿದ್ದಳು. ಪಾಸಾಗಲು ಇಪ್ಪತ್ತಾರು ಅಂಕ ಬೇಕು. ಅವಳಿಗೆ ಒಮ್ಮೆ ಹತ್ತೊಂಬತ್ತು, ಒಮ್ಮೆ ಇಪ್ಪತ್ತೊಂದು, ಕೊನೆಯ ಸಲ ಇಪ್ಪತ್ತೆರಡು ಬಂದಿತ್ತು. ಅಷ್ಟು ಸಾಲದೆಂಬಂತೆ ಪಠ್ಯವೂ ಬದಲಾಗಿತ್ತು. ಹಳೆಯ ಪಠ್ಯದವರಿಗೆ ಮೇ ತಿಂಗಳ ಪೂರಕ ಪರೀಕ್ಷೆಯೇ ಕೊನೆ, ಆಮೇಲೆ ಎಲ್ಲ ವಿಷಯಗಳನ್ನೂ ಹೊಸದಾಗಿ ಬರೆಯಬೇಕು ಎಂದು ಸುತ್ತೋಲೆ ಬಂತು. ಆ ಸುತ್ತೋಲೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದವಳೂ ಅವಳೇ.

ಹೆಡ್ ಗುಮಾಸ್ತ ಪೂರ್ಣಚಂದ್ರರಾವು ಕೆಟ್ಟವರಲ್ಲ. ಅವರ ನಾಲಗೆ ಮಾತ್ರ ಗುಂಟೂರು ಮೆಣಸಿನಕಾಯಿ. ಅವಳು ಪರೀಕ್ಷೆಯ ಅರ್ಜಿಗೆ ಸಹಿ ಕೇಳಲು ಹೋದಾಗ ನಾನೂ ಅಲ್ಲಿದ್ದೆ.

"ಎಂಟನೇ ಸಲಾನಾ? ನಿಂಗೂ ಆ ಪೇಪರಿಗೂ ಇನ್ನೊಂದು ಮದುವೆ ಮಾಡಿಸಿಬಿಡೋಣ ಕಣಮ್ಮ," ಎಂದರು. ಸಹಿ ಹಾಕುತ್ತಲೇ, "ಅದಿರ್ಲಿ, ನೀನು ಬಂದು ಇಲ್ಲಿ ಕುರ್ಚಿ ಮೇಲೆ ಕೂತ್ರೆ ಆಮೇಲೆ ಗಂಟೆ ಯಾರು ಹೊಡೀತಾರೆ? ನಾನಾ?"

ಆಫೀಸಿನವರೆಲ್ಲ ನಕ್ಕರು. ನಾನೂ ನಕ್ಕೆ. ನಾಂಚಾರಮ್ಮ ಅರ್ಜಿಯ ಶಾಯಿ ಆರುವ ತನಕ ಊದಿ, ಮಡಿಸಿಕೊಂಡು ಹೋದಳು.

ಆಗ ನಕ್ಕದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಅದಕ್ಕಿಂತ ಹೆಚ್ಚು ನಾಚಿಕೆಯಾಗುವುದು ಮರುದಿನದ್ದಕ್ಕೆ. ಸಂಜೆ ಅರ್ಧ ಗಂಟೆ ಮುಂಚೆ ಬಿಟ್ಟರೆ ಭಾವನಾರಾಯಣ ಮೇಷ್ಟ್ರು ಲೆಕ್ಕ ಹೇಳಿಕೊಡುತ್ತಾರಂತೆ ಎಂದು ಅವಳು ಕೇಳಿದಳು. ಹಾಗಾದರೆ ಲ್ಯಾಬನ್ನು ನಿನ್ನ ಮೇಷ್ಟ್ರು ಬಂದು ಮುಚ್ಚುತ್ತಾರಾ ಎಂದು ನಾನು ಕೇಳಿದೆ. ವಿಷಯ ತಿಳಿದ ಮೇಷ್ಟ್ರು ಮಾರನೆಯ ದಿನದಿಂದ ತಾವೇ ಅರ್ಧ ಗಂಟೆ ಹೆಚ್ಚು ನಿಂತರು. ಲ್ಯಾಬು ಮುಚ್ಚಿದ ಮೇಲೆ ಬೇವಿನ ಕಟ್ಟೆಯ ಮೇಲೆ ಪಾಠ ಶುರುವಾಯಿತು.

ಅವರ ಪಾಠದ ರೀತಿಯೇ ಬೇರೆ. ಸಂಕೀರ್ಣ ಸಂಖ್ಯೆಗಳ ಮೂಲ ಕಂಡುಹಿಡಿಯುವ ಪಾಠ ಬಂತೆಂದರೆ ಬೋರ್ಡನ್ನು ಮೂರು ಪಾಲು ಮಾಡುತ್ತಿದ್ದರು. ಎಡಕ್ಕೆ ಬೀಜಗಣಿತ: ಉತ್ತರಕ್ಕೆ ಎಕ್ಸ್, ವೈ ಎಂದು ಹೆಸರಿಟ್ಟು, ವರ್ಗ ಮಾಡಿ, ಎರಡು ಕಡೆ ಹೊಂದಿಸುವುದು. ನಡುವೆ ಡಿ ಮಾಯಿವರ್ ಪ್ರಮೇಯ: ಸಂಖ್ಯೆಯ ದೂರ ಎಷ್ಟು, ತಿರುವು ಎಷ್ಟು ಎಂದು ನೋಡಿ, ದೂರಕ್ಕೆ ಮೂಲ ತೆಗೆದು ತಿರುವನ್ನು ಭಾಗಿಸುವುದು. ಬಲಕ್ಕೆ ಬರೀ ಚಿತ್ರ: ಒಂದು ವೃತ್ತ, ಅದರ ಮೇಲೆ ಸಮ ದೂರದಲ್ಲಿ ಮೂಲಗಳು. ನಾಲ್ಕನೆಯ ಮೂಲ ಬೇಕಾದರೆ ನಾಲ್ಕು ಚುಕ್ಕೆ, ಐದನೆಯದಾದರೆ ಐದು. ಒಂದು ಚುಕ್ಕೆ ಸಿಕ್ಕರೆ ಉಳಿದವು ಸಾಲಾಗಿ ಬಂದು ಕೂತುಕೊಳ್ಳುತ್ತವೆ. ದಾರಿ ಮೂರು, ಊರು ಒಂದೇ ಎನ್ನುತ್ತಿದ್ದರು. ಹನ್ನೊಂದು ವರ್ಷ ಆ ಬೋರ್ಡನ್ನು ಒರೆಸಿದ ನಾಂಚಾರಮ್ಮ ಎಡದಿಂದ ಒರೆಸುತ್ತ ಬಂದು ಬಲಗಡೆಯ ವೃತ್ತದ ಹತ್ತಿರ ಕೈ ತಡೆಯುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಧೂಳಿಗೆ ಕೆಮ್ಮು ಬಂದಿರಬೇಕು ಅಂದುಕೊಂಡಿದ್ದೆ.

ಪ್ರತಿ ವರ್ಷವೂ ಮೂಲಗಳ ಮೇಲೆ ಏಳು ಅಂಕದ ಒಂದು ಪ್ರಶ್ನೆ ಬಂದೇ ಬರುತ್ತದೆ. ಅವಳು ಅದನ್ನು ಏಳು ಸಲವೂ ಬರೆದಿದ್ದಳು, ಏಳು ಸಲವೂ ತಪ್ಪಾಗಿತ್ತು. ತಪ್ಪು ಒಂದೇ. ಸಂಖ್ಯೆಯ ಎರಡು ಭಾಗಗಳೂ ಋಣವಾಗಿದ್ದಾಗ, ಭಾಗಿಸಿದರೆ ಋಣ ಹಾರಿಹೋಗುತ್ತದೆ. ಟ್ಯಾಂಜೆಂಟಿನ ಕೋಷ್ಟಕ ನೋಡಿದರೆ ತಿರುವು ಅರವತ್ತು ಡಿಗ್ರಿ ಎನ್ನುತ್ತದೆ. ಇವಳು ಅರವತ್ತು ಎಂದು ಬರೆದು ಮುಂದೆ ಹೋಗುತ್ತಿದ್ದಳು. ವೃತ್ತದ ಚಿತ್ರದಲ್ಲಿ ಸಂಖ್ಯೆ ಇರುವುದು ಎಡಗಡೆ ಕೆಳಗೆ, ಇವಳು ಹೊರಟಿದ್ದು ಬಲಗಡೆ ಮೇಲಕ್ಕೆ. ಮೊದಲ ಹೆಜ್ಜೆಯೇ ಎದುರು ದಿಕ್ಕಿಗೆ ಬಿದ್ದ ಮೇಲೆ ಉಳಿದ ಲೆಕ್ಕ ಎಷ್ಟು ಚೆನ್ನಾಗಿದ್ದರೇನು?

"ಯಾವ ಪಾದ? ಪಾದ ನೋಡು ಮೊದಲು," ಎಂದು ಮೇಷ್ಟ್ರು ಕಟ್ಟೆಯ ಮೇಲಿಂದ ಕೂಗುವುದು ನನ್ನ ಲ್ಯಾಬಿನ ತನಕ ಕೇಳಿಸುತ್ತಿತ್ತು. ಅವಳು ತಲೆಯಾಡಿಸುತ್ತಿದ್ದಳು. ಮೊದಲ ಪಾದ, ಎರಡನೆಯ ಪಾದ ಎಂದು ವೃತ್ತದ ನಾಲ್ಕು ಕಾಲುಭಾಗಗಳನ್ನೂ ಗಿಳಿಪಾಠದಂತೆ ಒಪ್ಪಿಸುತ್ತಿದ್ದಳು. ಮರುದಿನ ಮತ್ತೆ ಅರವತ್ತು. ಒಂದು ಸಂಜೆ ಮೇಷ್ಟ್ರು ಚಾಕ್‌ಪೀಸನ್ನು ಎಸೆದು, ನನ್ನ ಕೈಲಾಗುವುದಿಲ್ಲ ತಾಯಿ ಎಂದು ಎದ್ದುಹೋದರು. ಅವಳು ಚಾಕ್‌ಪೀಸಿನ ಚೂರುಗಳನ್ನು ಹುಡುಕಿ ಡಬ್ಬಿಗೆ ಹಾಕಿದಳು. ನಾನು ಬೀಗ ಹಾಕಿದ ಲ್ಯಾಬಿನ ಮುಂದೆ ನಿಂತಿದ್ದೆ.

"ಬಿಟ್ಟುಬಿಡು ನಾಂಚಾರಮ್ಮ. ಅಟೆಂಡರ್ ಕೆಲಸಕ್ಕೇನು ಕಮ್ಮಿ?" ಎಂದೆ. ಸಮಾಧಾನಕ್ಕೆಂದೇ ಹೇಳಿದ್ದು.

"ಕೆಲಸಕ್ಕೆ ಕಮ್ಮಿ ಇಲ್ಲ ಮೇಡಂ ಗಾರು," ಎಂದಳು. "ಆದ್ರೆ ಇದು ಅವರ ಕೆಲಸ. ಅವರು ಸತ್ತಿದ್ದಕ್ಕೆ ನಂಗೆ ಕೊಟ್ಟಿದ್ದು. ನಾನು ಓದಿದ್ದಕ್ಕೆ ಅಂತ ಒಂದು ಸಿಗಲಿ ಅಂತ ಆಸೆ."

ಮರುದಿನದಿಂದ ಲ್ಯಾಬನ್ನು ನಾನೇ ಮುಚ್ಚಿದೆ.

ಏಪ್ರಿಲ್ ಮೊದಲ ವಾರ. ಆ ವರ್ಷ ಪ್ರಾಕ್ಟಿಕಲ್ ತಪ್ಪಿಸಿಕೊಂಡ ನಾಲ್ಕೈದು ಹುಡುಗರಿಗೆ ಮತ್ತೆ ಅಭ್ಯಾಸ ಮಾಡಿಸುತ್ತಿದ್ದೆ. ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ ಎಂದರೆ ನಿಂತ ತಾಮ್ರದ ಬಳೆ, ಅದರ ನಡುವೆ ಮಲಗಿಸಿದ ದುಂಡನೆಯ ಪೆಟ್ಟಿಗೆ, ಅದರೊಳಗೆ ಉದ್ದನೆಯ ಮುಳ್ಳು. ಕರೆಂಟು ಹರಿಸಿದರೆ ಮುಳ್ಳು ಒಂದು ಕಡೆ ತಿರುಗುತ್ತದೆ, ತಂತಿ ಅದಲುಬದಲು ಮಾಡಿದರೆ ಇನ್ನೊಂದು ಕಡೆ. ಪೆಟ್ಟಿಗೆಯ ಅಂಚಿನಲ್ಲಿ ಡಿಗ್ರಿಗಳ ಗೀಟು. ಆದರೆ ಅದು ಸೊನ್ನೆಯಿಂದ ಮುನ್ನೂರ ಅರವತ್ತರವರೆಗೆ ಇರುವುದಿಲ್ಲ. ಸೊನ್ನೆಯಿಂದ ತೊಂಬತ್ತು, ಮತ್ತೆ ಇಳಿದು ಸೊನ್ನೆ, ಮತ್ತೆ ತೊಂಬತ್ತು, ಹೀಗೆ ನಾಲ್ಕು ಕಾಲುಭಾಗ.

ಒಬ್ಬ ಹುಡುಗ ಬಗ್ಗಿ ನೋಡಿ ಅರವತ್ತು ಎಂದ. ನಾನು ಬರೆದುಕೋ ಎಂದೆ. ಪಕ್ಕದ ಮೇಜನ್ನು ಒರೆಸುತ್ತಿದ್ದ ನಾಂಚಾರಮ್ಮ ತಲೆ ಎತ್ತದೆಯೇ ಕೇಳಿದಳು.

"ಯಾವ ಅರವತ್ತು ಬಾಬು? ಅದ್ರಲ್ಲಿ ಅರವತ್ತು ನಾಲ್ಕಿವೆ. ಮುಳ್ಳು ಯಾವ ಕಡೆ ಹೋಗಿದೆ, ಯಾವ ಸೊನ್ನೆಯಿಂದ ಎಣಿಸ್ದೆ, ಅದನ್ನ ಹೇಳು."

ಇದು ಅವಳು ಹನ್ನೊಂದು ವರ್ಷದಿಂದ ಎಲ್ಲ ಹುಡುಗರಿಗೂ ಹೇಳುತ್ತ ಬಂದ ಮಾತು. ಆದರೆ ಆ ದಿನ ಹೇಳಿದ ಮೇಲೆ ಅವಳ ಕೈ ನಿಂತುಹೋಯಿತು. ಬಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಹತ್ತಿರ ಬಂದಳು. ಹುಡುಗನನ್ನು ಪಕ್ಕಕ್ಕೆ ಸರಿಸಿ ಪೆಟ್ಟಿಗೆಯ ಗಾಜಿನ ಮೇಲೆ ಬೆರಳಿಟ್ಟು ಬಲಗಡೆಯ ಸೊನ್ನೆಯಿಂದ ಮೇಲಕ್ಕೆ ಎಳೆದಳು, ಆಮೇಲೆ ಎಡಗಡೆಯ ಸೊನ್ನೆಯಿಂದ ಕೆಳಕ್ಕೆ. ಮತ್ತೆ ಒಂದು ಸಲ. ನನಗೂ ಅದು ಅದೇ ಗಳಿಗೆಯಲ್ಲಿ ಹೊಳೆದಿತ್ತು. ಇಪ್ಪತ್ತು ವರ್ಷ ಆ ಉಪಕರಣವನ್ನು ಪಾಠ ಮಾಡಿದವಳು ನಾನು. ಅದು ಪಕ್ಕದ ಕೋಣೆಯ ಗಣಿತವನ್ನೇ ಹೇಳುತ್ತಿದೆ ಎಂದು ನನಗೆ ಯಾವತ್ತೂ ತೋಚಿರಲಿಲ್ಲ.

ಅವಳು ಅನುಮತಿಯನ್ನೂ ಕೇಳದೆ ಹೊರಟಳು. ಕಿಟಕಿಯ ಕಟ್ಟೆಯ ಮೇಲಿನ ಬೀಗದ ಕೈ ಗೊಂಚಲು ಅಲ್ಲೇ ಉಳಿಯಿತು, ಅದನ್ನು ಅವಳು ಮರೆತದ್ದು ಅದೇ ಮೊದಲು. ಅವಳು ಮೇಷ್ಟ್ರ ಎದುರಿಗೆ ಹೋಗಿ, ಲೆಕ್ಕ ಕೊಡಿ ಎಂದಳಂತೆ. ಅವರು ಮುಖ ಗಂಟಿಕ್ಕಿಕೊಂಡೇ ಎರಡೂ ಭಾಗ ಋಣವಿರುವ ಸಂಖ್ಯೆ ಕೊಟ್ಟರು. ಅವಳು ಮೊದಲು ಗ್ಯಾಲ್ವನೋಮೀಟರಿನ ಮುಖವನ್ನು ಬರೆದಳು: ನಾಲ್ಕು ಕಾಲುಭಾಗ, ಎರಡು ಸೊನ್ನೆ, ಎರಡು ತೊಂಬತ್ತು. ಸಂಖ್ಯೆ ಎಲ್ಲಿದೆಯೋ ಅಲ್ಲಿ ಮುಳ್ಳು ಎಳೆದಳು. ಎಡಗಡೆಯ ಸೊನ್ನೆಯಿಂದ ಕೆಳಕ್ಕೆ ಅರವತ್ತು. ಬಲಗಡೆಯ ಸೊನ್ನೆಯಿಂದ ಸುತ್ತಿ ಬಂದರೆ ನೂರ ಎಂಬತ್ತರ ಮೇಲೆ ಅರವತ್ತು, ಇನ್ನೂರ ನಲವತ್ತು. ಮೇಷ್ಟ್ರು ಆ ಚಿತ್ರವನ್ನು ನೋಡಿ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಲ್ಯಾಬಿನ ಪೆಟ್ಟಿಗೆ ಎಂದಳಂತೆ. ಆ ಸಂಜೆ ಅವರು ನನ್ನ ಬಳಿ ಬಂದು, ಭೌತಶಾಸ್ತ್ರದಿಂದಲೂ ಒಮ್ಮೊಮ್ಮೆ ಉಪಯೋಗವಿದೆ ಲಲಿತಾಂಬ ಗಾರು ಎಂದು ಹೇಳಿಹೋದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಪರೀಕ್ಷೆ ಮೇ ತಿಂಗಳ ಕೊನೆಯ ವಾರ ತೆನಾಲಿಯಲ್ಲಿ. ಮರುದಿನ ನಮ್ಮ ಮನೆಯ ಹಿತ್ತಲಲ್ಲಿ ಆವಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದೆವು. ಅವಳನ್ನು ಕೆಲಸಕ್ಕೆಂದು ಕರೆಸಿರಲಿಲ್ಲ. ಹೇಗೆ ಬರೆದಳು ಎಂದು ಕೇಳದೆ ನನ್ನಿಂದ ಇರಲಾಗಲಿಲ್ಲ, ಅಷ್ಟೆ. ಅವಳು ಕತ್ತಿಮಣೆ ಎಳೆದುಕೊಂಡು ಕೂತಳು. ಓಟೆ ಸಮೇತ ಒಂದೇ ಏಟಿಗೆ ಕಾಯನ್ನು ಸೀಳುತ್ತ ಎಲ್ಲ ಹೇಳಿದಳು.

ಉಳಿದ ಪ್ರಶ್ನೆಗಳು ಯಾವಾಗಲೂ ಬರುವಷ್ಟು ಬಂದವು. ಅವುಗಳಿಂದ ಇಪ್ಪತ್ತು, ಬಹಳವೆಂದರೆ ಇಪ್ಪತ್ತೆರಡು. ಮೂಲದ ಪ್ರಶ್ನೆ ಸರಿಹೋದರೆ ದಡ, ಇಲ್ಲವಾದರೆ ಮುಳುಗಡೆ. ಬಂದ ಸಂಖ್ಯೆಯೂ ಅದೇ: ಎರಡೂ ಭಾಗ ಋಣ, ನಾಲ್ಕನೆಯ ಮೂಲಗಳು ಬೇಕು. ಹದಿನೇಳು ವರ್ಷದ ಅಭ್ಯಾಸ, ಕೈ ತಾನೇ ಅರವತ್ತು ಎಂದು ಬರೆದುಬಿಟ್ಟಿತು. ನಾಲ್ಕರಿಂದ ಭಾಗಿಸಿ ಹದಿನೈದು, ಅಲ್ಲಿಂದ ತೊಂಬತ್ತು ತೊಂಬತ್ತು ಕೂಡಿಸುತ್ತ ನಾಲ್ಕು ಮೂಲ. ಉತ್ತರ ಅಂದವಾಗಿಯೇ ಇತ್ತು.

"ಹತ್ತು ನಿಮಿಷ ಉಳಿದಿತ್ತು ಮೇಡಂ ಗಾರು. ಎಲ್ರೂ ಉತ್ತರದ ಹಾಳೆಗೆ ದಾರ ಕಟ್ತಿದ್ರು. ನಂಗೆ ಲ್ಯಾಬು ನೆನಪಾಯ್ತು. ಕೊಟ್ಟಿದ್ದು ವಾಪಸ್ ಬಂತಾ ಅಂತ ನೋಡದೆ ಹೆಂಗೆ ಬೀಗ ಹಾಕೋದು?"

ಹಾಗೆಂದು ಅವಳು ಉತ್ತರವನ್ನು ತಿರುಗಿ ನಾಲ್ಕು ಸಲ ಗುಣಿಸಿದಳು. ಹದಿನೈದು ನಾಲ್ಕಲಿ ಅರವತ್ತು. ಅರವತ್ತೆಂದರೆ ಬಲಗಡೆ ಮೇಲೆ. ಕೊಟ್ಟ ಸಂಖ್ಯೆ ಎಡಗಡೆ ಕೆಳಗೆ. ಕೊಟ್ಟದ್ದು ವಾಪಸು ಬಂದಿರಲಿಲ್ಲ, ಬೇರೆಯದೇ ಬಂದಿತ್ತು. ಯಾವ ಅರವತ್ತು ಎಂದು ತನ್ನನ್ನೇ ಕೇಳಿಕೊಂಡಳಂತೆ. ಇಡೀ ಪುಟಕ್ಕೆ ಅಡ್ಡಗೀಟು ಎಳೆದು, ಹೊಸ ಪುಟದ ಅಂಚಿನಲ್ಲಿ ಪೆಟ್ಟಿಗೆಯ ಮುಖ ಬರೆದು, ಇನ್ನೂರ ನಲವತ್ತು ಎಂದು ಶುರುಮಾಡಿದಳು. ಅರವತ್ತು, ನೂರ ಐವತ್ತು, ಇನ್ನೂರ ನಲವತ್ತು. ಕೊನೆಯ ಮೂಲ ಮುನ್ನೂರ ಮೂವತ್ತನ್ನು ಬರೆಯುತ್ತಿದ್ದಾಗ ಗಂಟೆ ಹೊಡೆಯಿತು.

"ಯಾರೋ ನನ್ನ ಥರದವಳೇ ಹೊಡ್ದಿರ್ತಾಳೆ, ಪಾಪ. ಆದ್ರೂ ಮನಸ್ಸಲ್ಲಿ ಚೆನ್ನಾಗಿ ಬೈದೆ," ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಪೂರ್ತಿ ಆಯ್ತೋ ಇಲ್ವೋ ಗೊತ್ತಿಲ್ಲ ಮೇಡಂ ಗಾರು. ಗೀಟು ಹೊಡ್ದಿರೋ ಪುಟ ನೋಡಿ ಅವರು ಏನಂದುಕೊಳ್ತಾರೋ."

ನಾನು ಏನೂ ಆಗುವುದಿಲ್ಲ ಎಂದೆ. ಒಳಗೆ ನನಗೂ ಭಯವಿತ್ತು. ಉಪ್ಪು, ಸಾಸಿವೆಪುಡಿ, ಖಾರದ ಪುಡಿ ಕಲಸುವಾಗ ಎರಡು ಸಲ ಉಪ್ಪು ಹಾಕಿದೆ. ಆ ವರ್ಷದ ಆವಕಾಯಿಯನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ.

ಜೂನ್ ಕೊನೆಗೆ ಫಲಿತಾಂಶ ಬಂತು. ಆಗೆಲ್ಲ ಪಾಸಾದವರ ನೋಂದಣಿ ಸಂಖ್ಯೆಗಳನ್ನು ಪತ್ರಿಕೆಯಲ್ಲಿ ಇರುವೆ ಸಾಲಿನ ಹಾಗೆ ಅಚ್ಚು ಹಾಕುತ್ತಿದ್ದರು. ಕಾಲೇಜಿಗೆ ಪತ್ರಿಕೆ ಬರುವುದೇ ಬೆಳಗಿನ ರೈಲಿಗೆ. ಅವಳ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಒಂದು ಸಲ ನೋಡಿದೆ, ಸಿಗಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದರೆ ನಾನು ನೋಡುತ್ತಿದ್ದುದು ಪಕ್ಕದ ಜಿಲ್ಲೆಯ ಸಾಲು. ಸರಿಯಾದ ಸಾಲಿನಲ್ಲಿ ಮೇಲಿನಿಂದ ಏಳನೆಯದು ಅವಳ ಸಂಖ್ಯೆ. ಇಪ್ಪತ್ತೊಂಬತ್ತು ಅಂಕ ಎಂದು ಆಮೇಲೆ ಅಂಕಪಟ್ಟಿ ಬಂದಾಗ ತಿಳಿಯಿತು. ಆ ಹೊತ್ತಿಗೆ ಸಂಖ್ಯೆಯೊಂದೇ ಸಾಕಾಗಿತ್ತು.

ಪತ್ರಿಕೆ ಹಿಡಿದುಕೊಂಡು ವರಾಂಡದಲ್ಲಿ ಓಡಿದೆ. ಐವತ್ತರ ಹೆಂಗಸು, ಓಡಬಾರದಿತ್ತು; ಓಡಿದೆ. ಭಾವನಾರಾಯಣ ಮೇಷ್ಟ್ರು ಎರಡನೇ ವರ್ಷದವರಿಗೆ ಮೂಲಗಳ ಪಾಠವನ್ನೇ ಶುರುಮಾಡಿದ್ದರು. ನಾಂಚಾರಮ್ಮ ಅವರಿಗೆ ಬಣ್ಣದ ಚಾಕ್‌ಪೀಸ್ ಡಬ್ಬಿ ಕೊಟ್ಟು ಹೊರಗೆ ಬರುತ್ತಿದ್ದಳು. ನಾನು ಏದುಸಿರು ಬಿಡುತ್ತ ಸಂಖ್ಯೆಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಅಳಲಿಲ್ಲ, ಅತ್ತವಳು ನಾನು. ಅವಳು ಸೆರಗಿನಿಂದ ಕೈಗೆ ಮೆತ್ತಿದ್ದ ಚಾಕ್‌ಪೀಸಿನ ಪುಡಿಯನ್ನು ಒರೆಸಿಕೊಂಡಳು, ಅಷ್ಟೆ.

ಮೇಷ್ಟ್ರು ಬೋರ್ಡಿನ ಮೂರು ಪಾಲು ಬಿಟ್ಟು ಪಕ್ಕಕ್ಕೆ ಸರಿದರು.

"ಈ ಲೆಕ್ಕ ಇವತ್ತು ನಾನು ಮಾಡಲ್ಲ," ಎಂದರು ಹುಡುಗರಿಗೆ. "ನಾಂಚಾರಮ್ಮ ಗಾರು ಮಾಡ್ತಾರೆ. ಬಾಮ್ಮ."

ಆ ಊರಲ್ಲಿ ಅವಳನ್ನು ಯಾರಾದರೂ ಗಾರು ಎಂದು ಮರ್ಯಾದೆ ಕೊಟ್ಟು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಸೊಂಟದ ಬೀಗದ ಕೈ ಗೊಂಚಲನ್ನು ಬಿಚ್ಚಿ ಕಿಟಕಿಯ ಮೇಲಿಟ್ಟು ಒಳಗೆ ಹೋದಳು. ಅಲ್ಲಿ ಮುಳ್ಳೂ ಇರಲಿಲ್ಲ, ಗ್ಯಾಲ್ವನೋಮೀಟರೂ ಇರಲಿಲ್ಲ.

ಮೊದಲು ಬಲಗಡೆಯ ಚಿತ್ರ ಬರೆದಳು. ಯಾವ ಸೊನ್ನೆಯಿಂದ ಎಣಿಸಬೇಕು ಎಂದು ಹುಡುಗರನ್ನೇ ಕೇಳಿದಳು. ನಾಲ್ಕು ಮೂಲಗಳನ್ನೂ ವೃತ್ತದ ಮೇಲೆ ಕೂರಿಸಿದಳು. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ, ಕೋನವಿಲ್ಲದೆ ಮಾಡಬಹುದಾ ಅಕ್ಕ ಎಂದು ಕೇಳಿದಳು. ಮಾಡಬಹುದು ಎಂದು ಎಡಗಡೆಗೆ ಹೋದಳು. ಒಂದು ಸಲ ವರ್ಗಮೂಲ, ಬಂದದ್ದಕ್ಕೆ ಮತ್ತೊಂದು ಸಲ ವರ್ಗಮೂಲ. ಅದು ಉದ್ದದ ದಾರಿ. ಪ್ರತಿ ತಿರುವಿನಲ್ಲೂ ಚಿಹ್ನೆ ನೋಡಿ, ಇಲ್ಲೇ ನಾನು ಏಳು ಸಲ ಬಿದ್ದದ್ದು ಎಂದು ತೋರಿಸುತ್ತ ಹೋದಳು. ಮೇಷ್ಟ್ರು ಕೊನೆಯ ಬೆಂಚಿನಲ್ಲಿ ಹುಡುಗರ ನಡುವೆ ಕೂತು ನಶ್ಯ ಏರಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

ಎಡಗಡೆಯ ಉತ್ತರ ಬಲಗಡೆಯ ಚುಕ್ಕೆಗಳ ಮೇಲೆ ಬಂದು ಕೂಡುವಷ್ಟರಲ್ಲಿ ಪೀರಿಯಡ್ ಮುಗಿದು ಕಾಲು ಗಂಟೆಯಾಗಿತ್ತು. ಪಕ್ಕದ ತರಗತಿಗಳಲ್ಲಿ ಗದ್ದಲ ಶುರುವಾಯಿತು. ಗಂಟೆ ಯಾಕೆ ಹೊಡೆದಿಲ್ಲ ಎಂದು ಕೇಳುತ್ತ ಪೂರ್ಣಚಂದ್ರರಾವು ಆಫೀಸಿನಿಂದ ಬಂದರು. ನನ್ನ ಕೈಯಲ್ಲಿದ್ದ ಪತ್ರಿಕೆ ನೋಡಿದರು, ನನ್ನ ಮುಖ ನೋಡಿದರು, ಒಳಗೆ ಬೋರ್ಡಿನ ಮುಂದೆ ನಿಂತಿದ್ದವಳನ್ನು ನೋಡಿದರು. ಅವಳಿಗೆ ಅವರು ಬಂದದ್ದೂ ತಿಳಿಯಲಿಲ್ಲ. ಕೊಟ್ಟದ್ದು ವಾಪಸು ಬಂತಾ ನೋಡೋಣ ಎಂದು ಹುಡುಗರಿಂದ ತಿರುಗಿ ಗುಣಾಕಾರ ಮಾಡಿಸುತ್ತಿದ್ದಳು.

ಹೆಡ್ ಗುಮಾಸ್ತರು ಪಂಚೆಯ ತುದಿಯನ್ನು ಎತ್ತಿ ಹಿಡಿದುಕೊಂಡು ಮೆಟ್ಟಿಲಿಳಿದು ಬೇವಿನ ಮರದ ಕಡೆಗೆ ನಡೆದರು. ಕಂಬಿಯ ಪಕ್ಕದಲ್ಲಿದ್ದ ಸುತ್ತಿಗೆಯನ್ನು ತಾವೇ ಕೈಗೆತ್ತಿಕೊಂಡು ಗಂಟೆ ಹೊಡೆದರು.